35 ಎಕರೆಯ ಸೈಟು

ಅಮೆರಿಕದ ಪಶ್ಚಿಮ ರಾಜ್ಯಗಳ ಜಮೀನು ಜಾಹೀರಾತುಗಳನ್ನು ಸುಮ್ನೆ ನೋಡುತ್ತಾ ಕೂರುವುದು ನನಗೊಂದು ಚಟ. ಕೊಳ್ಳುವ ಶಕ್ತಿ ಇಲ್ಲ, ಅದು ಬೇರೆ ಮಾತು. ಡೆನ್ವರ್ ಸುತ್ತಮುತ್ತ ಇರುವ ನಮ್ಮ ಕನ್ನಡದವರಲ್ಲಿ ಈ ಚಟ ಹತ್ತಿಸಿಕೊಂಡವರು ಇನ್ನೂ ಕೆಲವರಿದ್ದಾರೆ. ಶುಕ್ರವಾರ ರಾತ್ರಿ ವಾಟ್ಸಾಪ್‌ನಲ್ಲಿ ಲಿಂಕ್ ಬರುತ್ತದೆ: "ಇದನ್ನ ನೋಡು ಗುರು."

ಜಾಹೀರಾತು ಹೆಚ್ಚುಕಡಿಮೆ ಯಾವಾಗಲೂ ಒಂದೇ ಥರ. ಬೆಟ್ಟದ ಕಣಿವೆಯಲ್ಲಿ ದನ ಸಾಕುವ, ನೂರು ವರ್ಷಕ್ಕೂ ಹಳೇ ರ‍್ಯಾಂಚ್, ಅದರಲ್ಲಿ ಮನೆ ಕಟ್ಟಲು ಕೆಲವೇ ಸೈಟುಗಳು, ಬೇಗ ಬನ್ನಿ. ಫೋಟೋದಲ್ಲಿ ಮನೆ ಇರುವುದಿಲ್ಲ. ಮುಂದೆ ಹಸಿರು ಹುಲ್ಲುಗಾವಲು, ನಡುವೆ ಬಳುಕಿಕೊಂಡು ಹೋಗುವ ಹೊಳೆ, ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದ ಮರದ ಕೊಟ್ಟಿಗೆ, ಹಿಂದೆ ಹಿಮದ ಬೆಟ್ಟ. ದೂರದಲ್ಲಿ ನಾಲ್ಕೈದು ಕಪ್ಪು ದನ. ಮಾರಾಟಕ್ಕಿರುವುದು ಐದೋ ಮೂವತ್ತೈದೋ ಎಕರೆ. ಫೋಟೋದಲ್ಲಿ ಕಾಣುವುದು ಸಾವಿರಾರು ಎಕರೆ. ಆ ಉಳಿದ ಎಕರೆಗಳನ್ನು ಹಾಗೆ ಇಟ್ಟವರು ಯಾರು, ಇನ್ನು ಮುಂದೆ ಹಾಗೇ ಇಡುವವರು ಯಾರು ಅನ್ನುವುದು ಕರಪತ್ರದಲ್ಲಿ ಎಲ್ಲೂ ಇರುವುದಿಲ್ಲ. ನನಗೆ ಕುತೂಹಲ ಅದರದ್ದೇ.

ಇಂಥ ಸೈಟುಗಳು ಮೊಂಟಾನಾದಲ್ಲಿವೆ, ವಯೋಮಿಂಗ್‌ನಲ್ಲಿವೆ. ನಾನು ಸ್ವಲ್ಪ ಹತ್ತಿರದಿಂದ ಬಲ್ಲದ್ದು ಕೊಲೊರಾಡೋದ ವಾಯವ್ಯ ಮೂಲೆಯ ಯಾಂಪಾ ಕಣಿವೆ. ಡೆನ್ವರ್‌ನಿಂದ ಕಾರಿನಲ್ಲಿ ಮೂರು ಗಂಟೆ ಚಿಲ್ಲರೆ ದಾರಿ. ಐಸೆನ್‌ಹೋವರ್ ಸುರಂಗ ದಾಟಿ, ಕ್ರೆಮ್ಲಿಂಗ್ ಮೇಲೆ ಹೋಗಿ, 9,426 ಅಡಿ ಎತ್ತರದ ರ‍್ಯಾಬಿಟ್ ಇಯರ್ಸ್ ಘಾಟಿ ಹತ್ತಿ ಇಳಿಯಬೇಕು. ಇಳಿಯುವಾಗ ಒಂದು ತಿರುವಿನಲ್ಲಿ ಕಣಿವೆ ತೆರೆದುಕೊಳ್ಳುತ್ತದೆ. ಎಂಥ ಮಾತುಗಾರನೂ ಒಂದು ನಿಮಿಷ ಬಾಯಿ ಮುಚ್ಚುವ ಜಾಗ ಅದು. ಕೆಳಗೆ ಸ್ಟೀಮ್‌ಬೋಟ್ ಸ್ಪ್ರಿಂಗ್ಸ್ ಊರು. ಚಳಿಗಾಲದಲ್ಲಿ ಸ್ಕೀ ಆಡುವವರ ಜಾತ್ರೆ, ಬೇಸಿಗೆಯಲ್ಲಿ ನದಿಗೆ ಟ್ಯೂಬ್ ಬಿಟ್ಟುಕೊಂಡು ತೇಲುವವರ ಜಾತ್ರೆ. ಊರು ದಾಟಿದರೆ ಎರಡೂ ಕಡೆ ಹುಲ್ಲು.

ಆ ಹುಲ್ಲನ್ನು ನೋಡಿ 'ಆಹಾ, ಪ್ರಕೃತಿ' ಅನ್ನುವವರೇ ಜಾಸ್ತಿ. ಪ್ರಕೃತಿಯ ಪಾಲು ಅದರಲ್ಲಿ ಅರ್ಧ ಮಾತ್ರ. ಕಣಿವೆಯ ಅಂಚಿನ ಗುಡ್ಡಗಳನ್ನು ನೋಡಿ. ಅಲ್ಲಿರುವುದು ಬೂದುಬಣ್ಣದ ಸೇಜ್ ಪೊದೆ, ಒಣ ಮಣ್ಣು. ಮೇಲೊಂದು ಕಾಲುವೆ, ಅದರ ಗೆರೆಯಿಂದ ಕೆಳಗೆ ಮಾತ್ರ ಹಸಿರು. ಸ್ಕೇಲು ಇಟ್ಟು ಎಳೆದ ಹಾಗೆ. ಜನ ಸಲಿಕೆ, ಕುದುರೆ ಕಟ್ಟಿದ ಮಣ್ಣೆಳೆಯುವ ಹಲಗೆ ಹಿಡಿದು 1880ರ ದಶಕದಿಂದ ತೋಡಿದ ಕಾಲುವೆಗಳು ಅವು. ಮೇ, ಜೂನ್‌ನಲ್ಲಿ ಬೆಟ್ಟದ ಹಿಮ ಕರಗಿ ಹೊಳೆ ಉಕ್ಕಿದಾಗ ತೂಬು ಎತ್ತುತ್ತಾರೆ. ನೀರು ಕಾಲುವೆಗೆ ಬರುತ್ತದೆ. ಕಾಲುವೆಗೆ ಅಡ್ಡಲಾಗಿ ಒಂದು ಕೋಲು, ಕೋಲಿಗೆ ಕಟ್ಟಿದ ಟಾರ್ಪಾಲು. ಅದನ್ನು ಇಳಿಬಿಟ್ಟು ಮೇಲೆ ಎರಡು ಸಲಿಕೆ ಮಣ್ಣೆಳೆದರೆ ನೀರು ಏರಿ ಗದ್ದೆಗೆ ಹರಿಯುತ್ತದೆ. ಅಲ್ಲಿ ತುಂಬಿದ ಮೇಲೆ ಟಾರ್ಪಾಲು ಕಿತ್ತು ಮುಂದಕ್ಕೆ. ತೊಡೆಯವರೆಗೆ ರಬ್ಬರ್ ಬೂಟು ಹಾಕಿಕೊಂಡು ಒಬ್ಬರು ಬೆಳಿಗ್ಗೆ ಸಂಜೆ ಈ ಕೆಲಸ ಮಾಡದಿದ್ದರೆ, ಆ ಫೋಟೋದಲ್ಲಿ ಹಸಿರೇ ಇರುವುದಿಲ್ಲ.

ಜುಲೈ, ಆಗಸ್ಟ್‌ನಲ್ಲಿ ಹುಲ್ಲು ಕೊಯ್ಲು. ಆ ಎತ್ತರದಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಕೊಯ್ಲು. ಅಷ್ಟರೊಳಗೆ ದನಗಳನ್ನು ಕಣಿವೆಯಿಂದ ಮೇಲೆ ಓಡಿಸಿರುತ್ತಾರೆ. ಸರ್ಕಾರಿ ಅರಣ್ಯದಲ್ಲಿ ಮೇಯಿಸಲು ಪರ್ಮಿಟ್ ಇರುತ್ತದೆ. ಬೇಸಿಗೆಯಲ್ಲಿ ದನ ಕಾಡಿನಲ್ಲಿ, ಹುಲ್ಲು ಕಣಿವೆಯಲ್ಲಿ. ಶರತ್ಕಾಲದಲ್ಲಿ ದನ ಇಳಿದು ಬರುತ್ತವೆ, ಚಳಿಗಾಲ ಪೂರ್ತಿ ಆ ಕೊಯ್ದ ಹುಲ್ಲನ್ನೇ ಹಿಮದ ಮೇಲೆ ಹರಡುತ್ತಾರೆ. ಆ ಕಾಡಿನ ಪರ್ಮಿಟ್ಟೂ ಕಣಿವೆಯಲ್ಲಿ ಸ್ವಂತ ಜಮೀನು ಇದ್ದವರಿಗೇ. ಅಂದರೆ ಕೆಳಗಿನ ಗದ್ದೆಯನ್ನು ಸೈಟು ಮಾಡಿದರೆ ಮೇಲಿನ ಹತ್ತು ಪಟ್ಟು ಜಾಗದ ಕಥೆಯೂ ಬದಲಾಗುತ್ತದೆ. ಇದು ಕರಪತ್ರ ಬರೆಯುವವರಿಗೆ ಗೊತ್ತಿಲ್ಲ ಅಂತಲ್ಲ. ಬರೆದರೆ ಯಾರು ಓದುತ್ತಾರೆ?

'ಐತಿಹಾಸಿಕ' ಎಂದು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರುತ್ತದಲ್ಲ, ಆ ಇತಿಹಾಸ ಸಾಮಾನ್ಯವಾಗಿ ಮೊದಲ ಬಿಳಿ ಕುಟುಂಬ ಬಂದ ದಿನದಿಂದ ಶುರುವಾಗುತ್ತದೆ. ಯಾಂಪಾ ಅನ್ನುವುದು ಒಂದು ಗಿಡ. ಅದರ ಗೆಡ್ಡೆಯನ್ನು ಯೂಟ್ ಎಂಬ ಮೂಲನಿವಾಸಿ ಜನ ಅಗೆದು ತಿನ್ನುತ್ತಿದ್ದರು. ಈ ಕಣಿವೆ ಅವರ ಬೇಸಿಗೆಯ ಊರು. 1879ರಲ್ಲಿ, ಇವತ್ತಿನ ಮೀಕರ್ ಊರಿನ ಹತ್ತಿರ, ಸರ್ಕಾರಿ ಏಜೆಂಟನಿಗೂ ಅವರಿಗೂ ಜಗಳ ರಕ್ತಪಾತಕ್ಕೆ ತಿರುಗಿತು. ಆತ ಅವರ ಕುದುರೆ ಮೇಯುವ ಬಯಲನ್ನು ಉತ್ತು ಅವರನ್ನು ಬೇಸಾಯಗಾರರನ್ನಾಗಿ ಮಾಡಲು ಹೊರಟಿದ್ದ. ಅದೇ ನೆಪವಾಗಿ 1881ರಲ್ಲಿ ಅವರನ್ನು ಸೈನ್ಯ ಇಟ್ಟು ಯೂಟಾಗೆ ಓಡಿಸಿದರು. ಆಮೇಲೆ 1862ರ ಹೋಮ್‌ಸ್ಟೆಡ್ ಕಾಯ್ದೆಯ ಅಡಿ ತಲಾ 160 ಎಕರೆ. ಐದು ವರ್ಷ ಇದ್ದು, ಮನೆ ಕಟ್ಟಿ, ಸಾಗು ಮಾಡಿ ತೋರಿಸಿದರೆ ಜಮೀನು ನಿಮ್ಮದು. ಒಣ ಬೆಟ್ಟದ ಸೀಮೆಯಲ್ಲಿ 160 ಎಕರೆಯಲ್ಲಿ ದನ ಸಾಕಿ ಬದುಕುವುದು ಕಷ್ಟ. ಹಾಗಾಗಿ ಕೈಸೋತವರು ಮಾರಿದರು, ಗಟ್ಟಿಗರು ಕೊಂಡರು. ಇವತ್ತಿನ ಸಾವಿರ ಎಕರೆಯ 'ಐತಿಹಾಸಿಕ ರ‍್ಯಾಂಚ್' ಅಂದರೆ ಅನೇಕ ಸಲ ಸೋತ ಹತ್ತು ಮನೆಗಳ ಮೊತ್ತ.

ಜಮೀನಿನ ಬೆಲೆಗಿಂತ ದೊಡ್ಡದು ನೀರಿನ ಹಕ್ಕು. 1876ರ ಕೊಲೊರಾಡೋ ಸಂವಿಧಾನದಲ್ಲೇ ಇರುವ ನಿಯಮ: ಮೊದಲು ಬಂದವನಿಗೆ ಮೊದಲ ಹಕ್ಕು. ಹೊಳೆಯ ದಂಡೆಯಲ್ಲಿ ನಿಮ್ಮ ಜಮೀನಿದೆ ಅನ್ನುವುದಕ್ಕೆ ಯಾವ ಬೆಲೆಯೂ ಇಲ್ಲ. ನೀವು, ಅಥವಾ ನಿಮಗೆ ಮಾರಿದವರ ಅಜ್ಜ, ಯಾವ ಇಸವಿಯಲ್ಲಿ ಆ ನೀರನ್ನು ತಿರುಗಿಸಿ ಬಳಸಲು ಶುರುಮಾಡಿದರು ಅನ್ನುವುದೇ ಲೆಕ್ಕ. ನೀರು ಕಮ್ಮಿಯಾದಾಗ ಹಳೇ ಇಸವಿಯವರು ದೂರು ಕೊಟ್ಟರೆ, ಹೊಸ ಇಸವಿಯವರ ತೂಬು ಮುಚ್ಚಬೇಕು. ಇಬ್ಬರೂ ಅರ್ಧರ್ಧ ಹಂಚಿಕೊಳ್ಳಿ ಅನ್ನುವ ಪಂಚಾಯ್ತಿ ಇಲ್ಲ. ಯಾಂಪಾ ನದಿ ತುಂಬ ಕಾಲ ಇದಕ್ಕೆ ಹೊರತಾಗಿತ್ತು. ನೀರು ಸಾಕಷ್ಟಿತ್ತು, ಯಾರೂ ದೂರಿರಲಿಲ್ಲ. 2018ರ ಬರದಲ್ಲಿ ಮೊಟ್ಟಮೊದಲ ಸಲ ಮುಖ್ಯ ನದಿಯಲ್ಲೇ ತೂಬು ಮುಚ್ಚಿಸಬೇಕಾಯಿತು. ಕಣಿವೆಯ ಹಳಬರಿಗೆ ಅದು ಸಣ್ಣ ಸುದ್ದಿ ಆಗಿರಲಿಲ್ಲ.

ಈ ನೀರಿನ ಹಕ್ಕನ್ನು ಜಮೀನಿನಿಂದ ಬಿಡಿಸಿ ಬೇರೆಯಾಗಿಯೂ ಮಾರಬಹುದು. ಹತ್ತು ವರ್ಷ ಬಳಸದೇ ಬಿಟ್ಟರೆ 'ಇವರು ಕೈಬಿಟ್ಟಿದ್ದಾರೆ' ಎಂದು ಕೋರ್ಟು ಭಾವಿಸುವ ಅಪಾಯವೂ ಇದೆ. ಹಾಗಾಗಿ ಸೈಟು ನೋಡಲು ಹೋದವರು ಅಡುಗೆಮನೆ ಯಾವ ದಿಕ್ಕಿಗೆ ಅಂತ ಯೋಚಿಸುವ ಮುಂಚೆ ಕೇಳಬೇಕಾದ್ದು, ಈ ಜಮೀನಿನ ನೀರಿನ ಹಕ್ಕು ಯಾರದ್ದು, ಯಾವ ಇಸವಿಯದ್ದು ಅಂತ.

ಗೆಳೆಯನೊಬ್ಬ ನಿಜವಾಗಿಯೂ ಕೊಳ್ಳುವ ಮನಸ್ಸು ಮಾಡಿದ್ದ. ಅವನ ಮಾವ ಮದ್ದೂರು ಕಡೆಯವರು, ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಕಬ್ಬು, ಭತ್ತ ಬೆಳೆದವರು. ಆ ಬೇಸಿಗೆಯಲ್ಲಿ ಮಗಳ ಮನೆಗೆ ಬಂದಿದ್ದರು. ನಾವೆಲ್ಲ ಒಂದೇ ಕಾರಿನಲ್ಲಿ ಹೋದೆವು. ಸೈಟು ತೋರಿಸಲು ಬಂದ ಬ್ರೋಕರ್ ಹೆಂಗಸು ಒಳ್ಳೆಯವಳು. ಕ್ಲಬ್‌ಹೌಸ್, ಮೀನು ಹಿಡಿಯುವ ಕೆರೆ, ಸ್ನೋಮೊಬೈಲ್ ದಾರಿ ಎಲ್ಲ ತೋರಿಸಿದಳು. ಮಾವ ಅದ್ಯಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ಪಂಚೆ ಬದಲು ಅಂದು ಪ್ಯಾಂಟು ಹಾಕಿದ್ದರು, ಅದನ್ನು ಮೊಣಕಾಲಿನವರೆಗೆ ಮಡಚಿ ಸೀದಾ ಕಾಲುವೆ ಹತ್ತಿರ ನಡೆದುಬಿಟ್ಟರು.

ಅಲ್ಲಿ ಒಬ್ಬ ಮನುಷ್ಯ ಸಲಿಕೆ ಹಿಡಿದು ನಿಂತಿದ್ದ. ಅರವತ್ತರ ಆಸುಪಾಸು. ಸೈಟುಗಳ ಮಾಲೀಕರ ಸಂಘದಿಂದ ಹುಲ್ಲುಗಾವಲನ್ನು ಗುತ್ತಿಗೆಗೆ ಪಡೆದವನು. ಮಾವನಿಗೆ ಇಂಗ್ಲಿಷ್ ಬಾರದು, ಅವನಿಗೆ ಕನ್ನಡ ಬಾರದು. ಆದರೂ ನಾವು ತಲುಪುವಷ್ಟರಲ್ಲಿ ಇಬ್ಬರೂ ತೂಬಿನ ಹತ್ತಿರ ಬಗ್ಗಿ ಏನೋ ನೋಡುತ್ತಿದ್ದರು. ತೂಬಿನಿಂದ ಸ್ವಲ್ಪ ಕೆಳಗೆ ಕಾಲುವೆಯಲ್ಲಿ ಒಂದು ಲೋಹದ ತೊಟ್ಟಿ ಕೂರಿಸಿದ್ದರು. ಮುಂದೆ ಅಗಲ, ನಡುವೆ ಸೊಂಟದ ಹಾಗೆ ಕಿರಿದು, ಮತ್ತೆ ಅಗಲ. ಒಳಗೋಡೆಗೆ ಅಳತೆ ಪಟ್ಟಿ. ಪಾರ್ಶಲ್ ಫ್ಲೂಮ್ ಅನ್ನುತ್ತಾರೆ. ಇದೇ ಕೊಲೊರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿ ರಾಲ್ಫ್ ಪಾರ್ಶಲ್ ಎಂಬ ಎಂಜಿನಿಯರ್ 1920ರ ದಶಕದಲ್ಲಿ ರೂಪಿಸಿದ್ದು, ಈಗ ಪ್ರಪಂಚದ ತುಂಬ ಇದೆ. ಪಟ್ಟಿಯಲ್ಲಿ ನೀರಿನ ಎತ್ತರ ಓದಿದರೆ ಸೆಕೆಂಡಿಗೆ ಎಷ್ಟು ಘನ ಅಡಿ ಹರಿಯುತ್ತಿದೆ ಅಂತ ಗೊತ್ತಾಗುತ್ತದೆ. ತೂಬಿನ ತಿರುಪಿಗೆ ಸರಪಳಿ, ಅದಕ್ಕೆ ಬೀಗ.

"ಬೀಗದ ಕೈ ಯಾರ ಹತ್ರ ಅಳಿಯಂದ್ರೇ?" ಅಂದರು ಮಾವ.

ಗೆಳೆಯ ಕೇಳಿ ಹೇಳಿದ. ಒಂದು ಆ ಸಲಿಕೆಯವನ ಹತ್ತಿರ, ಇನ್ನೊಂದು ರಾಜ್ಯದ ನೀರಿನ ಅಧಿಕಾರಿ ಹತ್ತಿರ. ಸೈಟು ಮಾಲೀಕರ ಹತ್ತಿರ ಇಲ್ಲ.

"ನೀರುಗಂಟಿ ಇದ್ದಾನೆ ಅನ್ನಿ. ಹಂಗಾದ್ರೆ ಪರವಾಗಿಲ್ಲ."

ಆಮೇಲೆ ಆ ಸಲಿಕೆಯವನು ಎಲ್ಲಿ ಇರುತ್ತಾನೆ ಅಂತ ಕೇಳಿಸಿದರು. ಕ್ರೇಗ್ ಎಂಬ ಊರಿನಲ್ಲಂತೆ. ಅಲ್ಲಿಂದ 40 ಮೈಲಿಗೂ ಜಾಸ್ತಿ. ನೀರು ಬಿಡುವ ಕಾಲದಲ್ಲಿ ದಿನಾ ಹೋಗಿ ಬರುತ್ತಾನೆ. ಅವನ ಅಪ್ಪ ಇದೇ ಕಣಿವೆಯಲ್ಲಿ, ಇಲ್ಲಿಂದ ಕಣ್ಣಳತೆಯ ದೂರದಲ್ಲಿ, ಬಾಡಿಗೆ ಮನೆಯಲ್ಲಿ ಇದ್ದುಕೊಂಡು ದನ ನೋಡಿಕೊಳ್ಳುತ್ತಿದ್ದನಂತೆ. ಈಗ ಇಲ್ಲಿನ ಬಾಡಿಗೆ ಕೊಡುವ ಸಂಬಳ ದನ ಕಾಯುವವನಿಗೆ ಯಾರು ಕೊಡುತ್ತಾರೆ? ಅವನು ಇದನ್ನು ಗೊಣಗಾಟವಾಗಿ ಹೇಳಲಿಲ್ಲ. ಹವಾಮಾನ ಹೇಳುವ ಹಾಗೆ ಹೇಳಿದ.

ಈ 35 ಎಕರೆ ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅನ್ನುವುದಕ್ಕೆ ಒಂದು ಕಾನೂನಿನ ಕಥೆ ಇದೆ. 1972ರಲ್ಲಿ ಕೊಲೊರಾಡೋ ಒಂದು ಕಾಯ್ದೆ ಮಾಡಿತು. ಜಮೀನನ್ನು ತುಂಡು ಮಾಡಿ ಮಾರುವ ಎಲ್ಲರೂ ಕೌಂಟಿಯ, ಅಂದರೆ ಜಿಲ್ಲಾಡಳಿತದ, ಒಪ್ಪಿಗೆ ಪಡೆಯಬೇಕು, ರಸ್ತೆ, ನೀರು, ಚರಂಡಿ ತೋರಿಸಬೇಕು ಎಂದು. ಒಳ್ಳೆಯದೇ. ಆದರೆ ಅದರಲ್ಲಿ ಒಂದು ಕಿಂಡಿ ಬಿಟ್ಟರು: ಪ್ರತಿ ತುಂಡು 35 ಎಕರೆ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಈ ಯಾವ ತಾಪತ್ರಯವೂ ಇಲ್ಲ. ಅಷ್ಟು ದೊಡ್ಡ ತುಂಡು ಅಂದರೆ ಬೇಸಾಯಕ್ಕೇ ತಾನೆ ಎಂದುಕೊಂಡರೇನೋ. ಬೋರ್‌ವೆಲ್ ಕಾನೂನೂ ಅದೇ ಸಂಖ್ಯೆಗೆ ಜೋತುಬಿದ್ದಿದೆ. 35 ಎಕರೆ ಇದ್ದರೆ ಸುಲಭವಾಗಿ ಸಿಗುವ ಬಾವಿ ಪರ್ಮಿಟ್‌ನಲ್ಲೇ ಮೂರು ಮನೆಗೆ ನೀರು, ಒಂದು ಎಕರೆ ತೋಟಕ್ಕೆ ನೀರು, ಕುದುರೆ ದನಕ್ಕೆ ನೀರು. ಅದಕ್ಕಿಂತ ಚಿಕ್ಕ ತುಂಡಾದರೆ, ನೀರಿಗೆ ಈಗಾಗಲೇ ಹಕ್ಕುದಾರರು ತುಂಬಿರುವ ಕಡೆ, ಬರೀ ಮನೆಯೊಳಗಿನ ಬಳಕೆಗೆ. ಹೊರಗೆ ಒಂದು ಗುಲಾಬಿ ಗಿಡಕ್ಕೂ ಹಾಯಿಸುವ ಹಾಗಿಲ್ಲ.

ಇನ್ನೇನು ಬೇಕು? ಸಾವಿರದ ನಾನೂರು ಎಕರೆಯ ರ‍್ಯಾಂಚ್ ಇದ್ದರೆ ಭಾಗಾಕಾರ ಮಾಡಿ, ನಲವತ್ತು ಸೈಟು. ಯಾರನ್ನೂ ಕೇಳಬೇಕಿಲ್ಲ. ಅಂಕೆ ಮಾತ್ರ ನೋಡಿ ಗೆರೆ ಎಳೆದವರೂ ಇದ್ದಾರೆ. ಹೊಳೆ, ಕಾಲುವೆ, ಜಿಂಕೆಯ ದಾರಿ ಎಲ್ಲದರ ಮೇಲೆ ಸೀದಾ ಗೆರೆ. ಪ್ರತಿ ತುಂಡಿಗೂ ನಡುಮಧ್ಯೆ ಒಂದು ಮನೆ, ಅದಕ್ಕೆ ಅರ್ಧ ಮೈಲಿ ಮಣ್ಣುರಸ್ತೆ, ಸುತ್ತ ಬೇಲಿ. ಅಲ್ಲಿಯವರದ್ದೇ ಒಂದು ಗಾದೆಯಂಥ ಮಾತಿದೆ: ಹುಲ್ಲು ಕತ್ತರಿಸೋಕೆ ದೊಡ್ಡದು, ಉಳೋಕೆ ಚಿಕ್ಕದು. ಬೆಟ್ಟದ ಒಣ ಜಾಗದ 35 ಎಕರೆ ವರ್ಷಪೂರ್ತಿ ಬೆರಳೆಣಿಕೆಯ ದನಕ್ಕೂ ಸಾಲದು. ನಾಲ್ಕು ಕುದುರೆ ಬಿಟ್ಟರೆ ಎರಡು ವರ್ಷದಲ್ಲಿ ನೆಲ ಬೋಳಾಗಿ ಲೀಫಿ ಸ್ಪರ್ಜ್ ಎಂಬ ಹಳದಿ ಹೂವಿನ ಕಳೆ ಹಬ್ಬುತ್ತದೆ. ಇನ್ನೊಂದು ಸಮಸ್ಯೆ ಬೇಲಿ. ಎಲ್ಕ್ ಎಂಬ ದೊಡ್ಡ ಜಿಂಕೆಯ ಮರಿಗಳು ತಂತಿಯ ಕೆಳಗೆ ನುಸುಳುತ್ತವೆ, ತಾಯಿ ಮೇಲೆ ಹಾರುತ್ತದೆ. ರಾಜ್ಯದ ವನ್ಯಜೀವಿ ಇಲಾಖೆ ಹೇಳುವುದು, ಮೇಲಿನ ತಂತಿ 42 ಇಂಚು ದಾಟಬಾರದು, ಕೆಳಗಿನದು ನೆಲದಿಂದ ಕನಿಷ್ಠ 16 ಇಂಚು ಮೇಲಿರಬೇಕು, ಮುಳ್ಳಿರಬಾರದು. ಊರಿಂದ ಬಂದು ಐದಡಿ ಬಲೆ ಬೇಲಿ ಹಾಕಿದವರ ಕಡೆ ಕಾಲು ಸಿಕ್ಕಿ ನೇತಾಡಿ ಸತ್ತ ಪ್ರಾಣಿಗಳು ಸಿಗುತ್ತವೆ.

ಇಷ್ಟು ಹೇಳಿದ ಮೇಲೆ ರ‍್ಯಾಂಚ್ ಮಾರಿದ ಕುಟುಂಬವನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಜಮೀನಿನಲ್ಲಿ ಕೋಟ್ಯಧೀಶ್ವರ, ಕೈಯಲ್ಲಿ ಕಾಸಿಲ್ಲ ಅನ್ನುವ ಸ್ಥಿತಿ ಅವರದ್ದು. 1990ರ ದಶಕದ ಹೆಚ್ಚಿನ ವರ್ಷಗಳಲ್ಲಿ ಅಪ್ಪ ತೀರಿಕೊಂಡರೆ 6 ಲಕ್ಷ ಡಾಲರ್ ಮೇಲಿನ ಆಸ್ತಿಗೆ ಮಕ್ಕಳು ಕೇಂದ್ರ ಸರ್ಕಾರಕ್ಕೆ ತೆರಿಗೆ ಕಟ್ಟಬೇಕಿತ್ತು. ಗರಿಷ್ಠ ದರ ಶೇ 55. ಸ್ಕೀ ಊರಿನ ಪಕ್ಕದ ಜಮೀನಿಗೆ ಬೆಲೆ ಕಟ್ಟುವವರು ದನದ ಲೆಕ್ಕದಲ್ಲಿ ಕಟ್ಟುವುದಿಲ್ಲ, ಸೈಟಿನ ಲೆಕ್ಕದಲ್ಲಿ ಕಟ್ಟುತ್ತಾರೆ. ತೆರಿಗೆ ಕಟ್ಟಲು ಸೈಟು ಮಾಡಿಯೇ ಮಾರಬೇಕು. ಇದರ ಮೇಲೆ ನಾಲ್ಕು ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ದನ ಬೇಕು, ಉಳಿದ ಮೂವರಿಗೆ ಪಾಲು ಬೇಕು. ಪಾಲು ಕೇಳುವುದೂ ತಪ್ಪಲ್ಲವಲ್ಲ.

ಇದಕ್ಕೊಂದು ದಾರಿ ಹುಡುಕಿದವರಲ್ಲಿ ಫೆಚರ್ ಕುಟುಂಬದ ಹೆಸರು ಬರುತ್ತದೆ. ಎಂಜಿನಿಯರ್ ಆಗಿದ್ದ ಜಾನ್ ಫೆಚರ್ 1949ರಲ್ಲಿ ಎಲ್ಕ್ ನದಿಯ ಪಕ್ಕ, ಕ್ಲಾರ್ಕ್ ಹತ್ತಿರ ರ‍್ಯಾಂಚ್ ಕೊಂಡು ಬಂದವರು. ತಮಾಷೆ ಅಂದರೆ ಸ್ಟೀಮ್‌ಬೋಟ್ ಸ್ಕೀ ಬೆಟ್ಟವನ್ನು ಕಟ್ಟಿ ನಿಲ್ಲಿಸಿದವರಲ್ಲೂ ಅವರೊಬ್ಬರು. ಸ್ಕೀ ಬಂದಿದ್ದಕ್ಕೇ ಜಮೀನಿನ ಬೆಲೆ ಏರಿದ್ದು, ಬೆಲೆ ಏರಿದ್ದಕ್ಕೇ ರ‍್ಯಾಂಚ್ ಉಳಿಸಿಕೊಳ್ಳುವುದು ಕಷ್ಟವಾಗಿದ್ದು. ಅವರ ಮಗ ಜೇ ಫೆಚರ್ ಮತ್ತಿತರರು ಸೇರಿ 1995ರಲ್ಲಿ ದನ ಸಾಕುವವರದೇ ಒಂದು ಭೂ ಟ್ರಸ್ಟ್ ಕಟ್ಟಿದರು, ಕೊಲೊರಾಡೋ ಕ್ಯಾಟಲ್‌ಮೆನ್ಸ್ ಅಗ್ರಿಕಲ್ಚರಲ್ ಲ್ಯಾಂಡ್ ಟ್ರಸ್ಟ್. ಪರಿಸರದವರು ಬಂದು ಉಪದೇಶ ಮಾಡಿದರೆ ಕೇಳದ ಜನ, ತಮ್ಮವರೇ ಹೇಳಿದಾಗ ಕೇಳಿದರು. ವಿಷಯ ಇಷ್ಟೇ: ಜಮೀನು ನಿಮ್ಮದೇ, ದನ ಸಾಕಿ, ಹುಲ್ಲು ಬೆಳೆಯಿರಿ, ಬೇಕಾದರೆ ಮಾರಿ. ಆದರೆ ಸೈಟು ಮಾಡುವ ಹಕ್ಕನ್ನು ಮಾತ್ರ ಶಾಶ್ವತವಾಗಿ ಟ್ರಸ್ಟಿಗೆ ಬರೆದುಕೊಡಿ. ಆ ಹಕ್ಕು ಹೋದ ಮೇಲೆ ಜಮೀನಿನ ಬೆಲೆ ಇಳಿಯುತ್ತದೆ, ತೆರಿಗೆಯೂ ಇಳಿಯುತ್ತದೆ. ಬಿಟ್ಟುಕೊಟ್ಟಿದ್ದಕ್ಕೆ ಆದಾಯ ತೆರಿಗೆಯಲ್ಲಿ ರಿಯಾಯಿತಿ. 2000ದಿಂದ ಕೊಲೊರಾಡೋದಲ್ಲಿ ಆ ರಿಯಾಯಿತಿಯನ್ನು ಬೇರೆಯವರಿಗೆ ಮಾರಿ ದುಡ್ಡು ಮಾಡಿಕೊಳ್ಳಬಹುದು. ಆದಾಯವೇ ಇಲ್ಲದವನಿಗೆ ತೆರಿಗೆ ರಿಯಾಯಿತಿ ಕೊಟ್ಟು ಏನು ಪ್ರಯೋಜನ, ಅದಕ್ಕೇ ಈ ಏರ್ಪಾಡು. ಇದರಲ್ಲೂ ಬೆಲೆ ಉಬ್ಬಿಸಿ ತೋರಿಸಿ ದುಡ್ಡು ಹೊಡೆದವರು ಇದ್ದರು, ರಾಜ್ಯ ಆಮೇಲೆ ನೂರಾರು ಅರ್ಜಿಗಳನ್ನು ತಳ್ಳಿಹಾಕಿತು. ಕೆಲವು ಪ್ರಾಮಾಣಿಕರೂ ಆ ಗಲಾಟೆಯಲ್ಲಿ ಸಿಕ್ಕಿಹಾಕಿಕೊಂಡರು.

ರೌಟ್ ಕೌಂಟಿ, ಅಂದರೆ ಸ್ಟೀಮ್‌ಬೋಟ್ ಇರುವ ಜಿಲ್ಲೆ, ಅದೇ ಹೊತ್ತಿಗೆ ಇನ್ನೊಂದು ಉಪಾಯ ಮಾಡಿತು. 35 ಎಕರೆಯ ಹಾಗೆ ಚೆಲ್ಲಾಪಿಲ್ಲಿ ಮಾಡಬೇಡಿ, ಮನೆಗಳನ್ನೆಲ್ಲ ಒಂದು ಮೂಲೆಯಲ್ಲಿ ಗುಂಪಾಗಿ ಇಡಿ, ಉಳಿದ ಜಮೀನನ್ನು ಒಂದೇ ತುಂಡಾಗಿ ಬಿಡಿ, ಹಾಗೆ ಮಾಡಿದರೆ ಲೆಕ್ಕಕ್ಕಿಂತ ಕೆಲವು ಸೈಟು ಜಾಸ್ತಿ ಕೊಡುತ್ತೇವೆ ಅಂದಿತು. 1996ರಲ್ಲಿ ಅಲ್ಲಿಯ ಮತದಾರರು ತಮ್ಮ ಆಸ್ತಿ ತೆರಿಗೆಯನ್ನೇ ಸ್ವಲ್ಪ ಏರಿಸಿಕೊಂಡು, ಆ ದುಡ್ಡಿನಲ್ಲಿ ರ‍್ಯಾಂಚ್‌ಗಳ ಸೈಟು ಹಕ್ಕು ಕೊಳ್ಳಲು ಒಪ್ಪಿದರು. ತೆರಿಗೆ ಏರಿಸಿ ಅಂತ ಜನ ತಾವಾಗೇ ಓಟು ಹಾಕಿದ್ದು ಅಂದರೆ ಕಮ್ಮಿ ಮಾತಲ್ಲ. ಇವತ್ತು ಅಲ್ಲಿ ಮಾರಾಟಕ್ಕಿರುವ ಒಳ್ಳೆಯ 'ರ‍್ಯಾಂಚ್ ಸೈಟು'ಗಳು ಈ ಗುಂಪು ಪದ್ಧತಿಯವೇ. ಗೆಳೆಯ ನೋಡಲು ಹೋಗಿದ್ದೂ ಅಂಥದ್ದೇ. ಇರುವುದರಲ್ಲಿ ವಾಸಿ ಅಂತ ನನ್ನ ಅಭಿಪ್ರಾಯ. ಶರತ್ಕಾಲದಲ್ಲಿ ಆ ಬಯಲುಗಳಿಗೆ ಸ್ಯಾಂಡ್‌ಹಿಲ್ ಕೊಕ್ಕರೆಗಳು ಇಳಿಯುತ್ತವೆ, ಚೆಲ್ಲಾಪಿಲ್ಲಿ ಸೈಟುಗಳ ನಡುವೆ ಅಂಥ ಬಯಲು ಎಲ್ಲಿ ಉಳಿಯುತ್ತದೆ?

ಹೊಸದಾಗಿ ಬಂದವರ ಗೋಳು ಬೇರೆ. 1990ರ ದಶಕದಲ್ಲಿ ಇದೇ ರಾಜ್ಯದ ಲಾರಿಮರ್ ಕೌಂಟಿಯ ಕಮಿಷನರ್ ಜಾನ್ ಕ್ಲಾರ್ಕ್ ಹಳ್ಳಿಗೆ ಬರುವ ಪಟ್ಟಣದವರಿಗಾಗಿ ಒಂದು ಕಿರುಹೊತ್ತಿಗೆ ಬರೆದರು. ಅದನ್ನು ನೋಡಿ ಪಶ್ಚಿಮದ ಎಷ್ಟೋ ಕೌಂಟಿಗಳು ತಮ್ಮದೇ ಪ್ರತಿ ಮಾಡಿಕೊಂಡವು. ಅದರ ಸಾರ, ಆಂಬುಲೆನ್ಸ್ ತಡವಾಗಿ ಬರಬಹುದು, ರಸ್ತೆಯ ಹಿಮ ತೆಗೆಯುವ ಗ್ಯಾರಂಟಿ ಇಲ್ಲ, ಗೊಬ್ಬರ ವಾಸನೆ ಬರುತ್ತದೆ, ನೆಲದಡಿಯ ಖನಿಜದ ಹಕ್ಕು ಬೇರೆಯವರದ್ದಿರಬಹುದು. ಕೊಲೊರಾಡೋದಲ್ಲಿ ಪಕ್ಕದವರ ದನ ನಿಮ್ಮ ತೋಟಕ್ಕೆ ನುಗ್ಗಿದರೆ ಬೇಲಿ ಹಾಕಿಕೊಳ್ಳಬೇಕಾದವರು ನೀವು, ದನದವರಲ್ಲ. ನಿಮ್ಮ ಸೈಟಿನ ನಡುವೆ ಹಾದುಹೋಗುವ ಕಾಲುವೆಯನ್ನು ಹೂಳೆತ್ತಲು ಅದರ ಮಾಲೀಕ ಯಂತ್ರ ತಂದರೆ ತಡೆಯುವ ಹಾಗಿಲ್ಲ. ನೀವು ಪ್ರೀತಿಯಿಂದ ನೆಟ್ಟ ಗಿಡ ಕಾಲುವೆ ದಂಡೆಯ ಮೇಲಿದ್ದರೆ ಅದರ ಆಸೆ ಬಿಡಿ.

ಸ್ಟೀಮ್‌ಬೋಟ್ ಊರೊಳಗೆ ಮೋರ್ ಬಾರ್ನ್ ಅಂತ ಒಂದು ಕೊಟ್ಟಿಗೆ ಇದೆ. 1920ರ ದಶಕದ್ದು. ಹಿಂದೆ ಸ್ಕೀ ಬೆಟ್ಟ, ಮುಂದೆ ಹಿಮದಲ್ಲಿ ಕುದುರೆ ಸವಾರರು, ನಡುವೆ ಈ ಕೊಟ್ಟಿಗೆ ಇರುವ ಪೋಸ್ಟರ್ ಒಂದು ಕಾಲದಲ್ಲಿ ಸ್ಟೀಮ್‌ಬೋಟ್ ಅಂದರೆ ಇದೇ ಅನ್ನುವಷ್ಟು ಪ್ರಸಿದ್ಧ. ಈಗ ಅದರ ಸುತ್ತ ಮನೆಗಳು. ಫೋಟೋ ತೆಗೆಯಲು ಹೋದವರು ಮನೆ ಬಾರದ ಕೋನ ಹುಡುಕಿಕೊಂಡು ಪಕ್ಕಕ್ಕೆ, ಇನ್ನೂ ಪಕ್ಕಕ್ಕೆ ಸರಿಯುವುದನ್ನು ನೋಡುವುದೇ ಒಂದು ಮಜಾ.

ನಮ್ಮ ಕಡೆ ಇದು ಗೊತ್ತಿಲ್ಲದ ಕಥೆಯೇನಲ್ಲ. 2020ರಲ್ಲಿ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ಬೇಸಾಯಗಾರರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಯಿತು. ಸಕಲೇಶಪುರ, ಚಿಕ್ಕಮಗಳೂರು ಕಡೆಯ ಕಾಫಿ ತೋಟದಲ್ಲಿ ಕಾಲು ಎಕರೆ, ಅರ್ಧ ಎಕರೆ ಜಾಹೀರಾತುಗಳು ನನ್ನ ಫೋನಿಗೂ ಬರುತ್ತವೆ. ನೋಡಿಕೊಳ್ಳುವವರು ನಾವೇ, ನೀವು ವಾರಾಂತ್ಯಕ್ಕೆ ಬಂದರೆ ಸಾಕು ಅನ್ನುತ್ತಾರೆ. ಕಾಫಿ ಕೀಳುವವರು ಎಲ್ಲಿಂದ ಬರುತ್ತಾರೆ, ಅವರು ಇರುವ ಲೈನ್ ಮನೆಗಳು ಏನಾಗುತ್ತವೆ ಅನ್ನುವುದು ಅದರಲ್ಲೂ ಇಲ್ಲ. ಆ ವಿಷಯಕ್ಕೆ ಬೇರೆಯೇ ಬರಹ ಬೇಕು.

ಯಾಂಪಾ ಕಣಿವೆಯ ಇನ್ನೊಂದು ರ‍್ಯಾಂಚ್ ಕಥೆ ಹೇಳದೆ ಇದನ್ನು ಬಿಡಲಾರೆ. ಊರಿನ ಪಶ್ಚಿಮಕ್ಕೆ ಬ್ರೌನ್ ರ‍್ಯಾಂಚ್ ಅಂತ ಇದೆ, 500 ಎಕರೆಗೂ ಜಾಸ್ತಿ. 2021ರಲ್ಲಿ ಹೆಸರು ಹೇಳಿಕೊಳ್ಳದ ದಾನಿಯೊಬ್ಬರು ಅದನ್ನು ಕೊಳ್ಳಲು ಅಲ್ಲಿಯ ವಸತಿ ಪ್ರಾಧಿಕಾರಕ್ಕೆ 2.4 ಕೋಟಿ ಡಾಲರ್ ಕೊಟ್ಟರು. ಉದ್ದೇಶ, ಅಲ್ಲಿ ದುಡಿಯುವ ಜನಕ್ಕೆ ಮನೆ. ನರ್ಸುಗಳು, ಮೇಷ್ಟ್ರುಗಳು, ಬಸ್ ಓಡಿಸುವವರು, ಹೋಟೆಲಿನವರು. ಇಪ್ಪತ್ತು ವರ್ಷದಲ್ಲಿ 2,200ಕ್ಕೂ ಹೆಚ್ಚು ಮನೆ ಕಟ್ಟುವ ಯೋಜನೆ. ನಗರಸಭೆ ಒಪ್ಪಿತು. ಕೆಲವು ನಿವಾಸಿಗಳು ಸಹಿ ಸಂಗ್ರಹಿಸಿ ಅದನ್ನು ಮತಕ್ಕೆ ಹಾಕಿಸಿದರು. 2024ರ ಮಾರ್ಚ್‌ನಲ್ಲಿ ಊರು ಬೇಡ ಅಂದಿತು.

ಬೇಡ ಅಂದವರೆಲ್ಲ ಕೆಟ್ಟವರಲ್ಲ. ರಸ್ತೆ, ನೀರು, ಚರಂಡಿಗೆ ಎಷ್ಟು ಖರ್ಚು, ಯಾರ ತಲೆಗೆ ಅನ್ನುವುದು ನ್ಯಾಯವಾದ ಪ್ರಶ್ನೆ. ಊರು ಒಂದೇಟಿಗೆ ಅಷ್ಟು ದೊಡ್ಡದಾಗುವುದು ಯಾರಿಗಾದರೂ ಗಾಬರಿಯೇ. ಆದರೂ ನನಗೆ ಒಂದು ಸಿಟ್ಟಿದೆ. ಹತ್ತಾರು ಶ್ರೀಮಂತರ ಮನೆ ಆದರೆ ಅದನ್ನು ರ‍್ಯಾಂಚ್ ಉಳಿಸುವುದು ಅನ್ನುತ್ತಾರೆ. ಸಾವಿರಾರು ದುಡಿಯುವವರ ಮನೆ ಆದರೆ ಅದೇ ಕಣಿವೆಯ ಅಂದ ಕೆಡುವುದು ಅನ್ನುತ್ತಾರೆ. ಆ ಅಂದವನ್ನು ದಿನಾ 40 ಮೈಲಿ ಆಚೆಯಿಂದ ಬಂದು ಸಲಿಕೆ ಹಿಡಿದು ಕಾಯುವವನು ಇವೆರಡರಲ್ಲಿ ಯಾವ ಲೆಕ್ಕದಲ್ಲೂ ಇಲ್ಲ.

ಗೆಳೆಯ ಆ ಸೈಟನ್ನು ಕೊಳ್ಳಲಿಲ್ಲ. ಬೆಲೆ ಮುಖ್ಯ ಕಾರಣ, ಸುಳ್ಳು ಯಾಕೆ ಹೇಳಬೇಕು. ಆದರೆ ಸಂಘದ ನಿಯಮಗಳ ಪುಸ್ತಕ ತರಿಸಿಕೊಂಡು ಓದಿದ್ದ. ಸೂರಿಗೆ ಯಾವ ಬಣ್ಣ, ಹೊರಗಿನ ದೀಪ ಎಷ್ಟು ಮಂಕಾಗಿರಬೇಕು, ಎಲ್ಲ ಇತ್ತು. ಗುಂಪು ಸೈಟುಗಳ ಪಕ್ಕದಲ್ಲೇ ಹುಲ್ಲುಗಾವಲು ನೋಡಿಕೊಳ್ಳುವವರಿಗೆ ಒಂದೆರಡು ಮನೆ ಕಡ್ಡಾಯ ಮಾಡಿದರೆ ಎಷ್ಟು ಚೆನ್ನ ಅಂತ ನಾನಂದೆ. ಕೌಂಟಿಯೇ ಅದನ್ನು ಷರತ್ತಾಗಿ ಹಾಕಬಹುದು, ಇನ್ನು ಮುಂದೆ ಜಾಸ್ತಿ ಸೈಟು ಕೊಡುವಾಗ. ಅವನು ನಕ್ಕು ಪುಸ್ತಕದ ಒಂದು ಪುಟ ತೆಗೆದು ಮುಂದೆ ಹಿಡಿದ. ಟ್ರ್ಯಾಕ್ಟರ್, ಟ್ರೈಲರ್, ಕೆಲಸದ ಟ್ರಕ್ ಇವನ್ನೆಲ್ಲ ರಾತ್ರಿ ಹೊತ್ತು ಬೇರೆ ಸೈಟಿನವರಿಗೆ ಕಾಣುವ ಹಾಗೆ ನಿಲ್ಲಿಸುವಂತಿಲ್ಲ ಅಂತ ಅದರಲ್ಲಿತ್ತು.